ಪ್ರಾರ್ಥನೆಯಲ್ಲಿ ಜಾರಿದ ಮಾತು

ಪ್ರಾರ್ಥನೆ ಮುಗಿಸಿ ಅವಳು ಕಣ್ಣು ಬಿಟ್ಟಾಗ ಕೂಟದವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಮಾತ್ರ ನೆಲ ನೋಡುತ್ತಿದ್ದ.

ಅವನು ಸ್ಕೂಲ್ ವ್ಯಾನ್ ಡ್ರೈವರ್. ಅವಳು ಅದೇ ಸ್ಕೂಲಿನಲ್ಲಿ ಪುಟ್ಟ ಮಕ್ಕಳ ಟೀಚರ್. ವ್ಯಾನಿನಲ್ಲಿ ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ, ಅದಕ್ಕೇ ಅವನು ರೇಡಿಯೋ ಎಂದು ಕರೆದು ಕಾಡಿಸುತ್ತಿದ್ದ. ಸಿಗ್ನಲ್ ಬಿದ್ದಾಗಲೆಲ್ಲ ಕನ್ನಡಿಯಲ್ಲಿ ಅವಳನ್ನು ಕದ್ದು ನೋಡುತ್ತಿದ್ದ. ಅವಳು ಕಿಟಕಿಯತ್ತ ತಿರುಗಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

ಅಂಥವನು ಒಂದು ಸಂಜೆ ಅವಳೆದುರು ಮನಸ್ಸು ಬಿಚ್ಚಿದ್ದ. ಹಿಂದೆ ತಾನು ಮಹಾ ಕುಡುಕನಾಗಿದ್ದೆ, ಬಿಟ್ಟು ವರ್ಷಗಳೇ ಆದವು, ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದಿದ್ದ. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು. ಆ ಭರದಲ್ಲೇ ಭಾನುವಾರದ ಪ್ರಾರ್ಥನಾ ಕೂಟದಲ್ಲಿ, ಎಲ್ಲರೆದುರು, ಅವನನ್ನು ಕುಡಿತದಿಂದ ಬಿಡಿಸಿದ ದೇವರಿಗೆ ಗಟ್ಟಿಯಾಗಿ ಸ್ತೋತ್ರ ಹೇಳಿಬಿಟ್ಟಳು.

ಕೂಟದಲ್ಲಿ ವ್ಯಾನಿನ ಮಕ್ಕಳ ತಾಯಂದಿರೂ ಇದ್ದರು. ವಾರ ಕಳೆಯುವುದರೊಳಗೆ ಸ್ಕೂಲಿನವರು ಅವನಿಂದ ವ್ಯಾನಿನ ಕೀ ಇಸಿದುಕೊಂಡರು. ದೇವರ ಕೃಪೆಯ ಬಗ್ಗೆ ಗಂಟಲು ಹರಿಯುವಂತೆ ಹಾಡುವ ಜನಕ್ಕೆ ಇವನ ಪಾಲಿಗೆ ಒಂದು ಚಿಟಿಕೆ ಕೃಪೆಯೂ ಉಳಿದಿರಲಿಲ್ಲ.

ಅವಳು ಅವನ ರೂಮಿಗೆ ಓಡಿದಳು. ಅವನು ಅಂಗಿ ಮಡಚಿ ಬ್ಯಾಗಿಗೆ ಹಾಕುತ್ತಿದ್ದ.

"ಬಯ್ದುಬಿಡು ನನ್ನ," ಎಂದಳು.

"ಬಯ್ಯೋಕೆ ಏನಿದೆ? ಕ್ಷಮಿಸಿ ಆಯ್ತು. ನಾನು ಮಾಡಿದ್ದನ್ನೆಲ್ಲ ದೇವರು ಮನ್ನಿಸಿಲ್ವಾ? ನಿಂದೊಂದು ನಾನು ಮನ್ನಿಸಬಾರ್ದಾ?"

"ಹಾಗಾದ್ರೆ ಹೋಗ್ಬೇಡ."

ಅವನು ಕೊನೆಯ ಅಂಗಿಯನ್ನೂ ಬ್ಯಾಗಿಗೆ ತುರುಕಿದ. "ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಆದ್ರೆ ನಿನ್ನ ಮುಂದೆ ಮನಸ್ಸು ಬಿಚ್ಚೋಕೆ ಭಯ ಆಗುತ್ತೆ. ಜೀವನ ಪೂರ್ತಿ ಹಾಗೆ ಬದುಕೋಕಾಗುತ್ತಾ?"

ಇಲ್ಲ, ಆಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಕ್ಷಮೆ ಕೇಳುವ ಮೊದಲೇ ಸಿಕ್ಕಿತ್ತು, ಅವನು ಮಾತ್ರ ಕೈತಪ್ಪಿ ಹೋಗಿದ್ದ.

ಅವನು ಜಿಪ್ ಎಳೆದು ಅವಳೆದುರು ಬಂದು ನಿಂತ. "ಹೊರಡೋ ಮುಂಚೆ ನಂಗೋಸ್ಕರ ಪ್ರಾರ್ಥನೆ ಮಾಡ್ತೀಯಾ? ಜೋರಾಗೇ ಮಾಡು."

"ನನ್ನ ಬಾಯಿಂದ್ಲಾ?"

"ನಿನ್ನ ಬಾಯಿಂದ್ಲೇ."

ಅವನು ತಲೆ ತಗ್ಗಿಸಿ ಕಣ್ಣು ಮುಚ್ಚಿದ. ಅವಳ ಬಾಯಿಂದ ಒಂದೇ ಮಾತು ಹೊರಟಿತು.

"ಕರ್ತನೇ, ಇವನನ್ನ ನಾನು ತುಂಬಾ ಪ್ರೀತಿಸ್ತೀನಿ."

ಅದನ್ನು ಅವಳು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ಅವನ ಮುಚ್ಚಿದ ಕಣ್ಣಿನಿಂದ ನೀರಿಳಿಯಿತು. ಅಂಗೈಯಲ್ಲಿ ಒರೆಸಿಕೊಂಡು ಆಮೆನ್ ಎಂದ, ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದ.