ಬಣ್ಣದ ಕಡಲಿನ ಉಪ್ಪು

"ಬೆಳ್ಳಕ್ಕ, ನನ್ ಮಗ ಆ ಸಂಘಕ್ಕೆ ಸೇರುದ್ ಒಳ್ಳೇದಾ, ಬೇಡ್ದಾ? ಅದೊಂದ್ ಹೇಳ್. ಆಯ್ತವಾರ ಸಹಿ ಹಾಕ್ಕ್ ಅಂಬ್ರ್."

1964ರ ಜುಲೈ ತಿಂಗಳ ಒಂದು ಗುರುವಾರ. ಕುಂದಾಪುರದ ನಮ್ಮ ವಾಚನಾಲಯದ ಬಾಗಿಲಲ್ಲಿ ಜಲಜ ತಲೆಗೆ ಮುಚ್ಚಿದ, ನೀರು ಸೋರುವ ಎಲೆಯ ಗೊರಬು ತೆಗೆಯದೆ ನಿಂತಿದ್ದಳು. ಒಳಗಿನ ಬೆಂಚಿನಲ್ಲಿ ಬೆಳ್ಳಕ್ಕ ಎಲೆ ಮಡಚುತ್ತಿದ್ದಳು. ಬೆಳಗ್ಗೆ ಮನೆಮನೆಗೆ ಮೀನು ಮಾರಿ ಬುಟ್ಟಿ ಬರಿದಾದ ಮೇಲೆ ದಿನವೂ ಬಂದು ನನ್ನಿಂದ ಪತ್ರಿಕೆ ಓದಿಸಿಕೊಳ್ಳುವುದು ಅವಳ ಪದ್ಧತಿ. ಅವಳಿಗೆ ಅಕ್ಷರ ಬಾರದು. ಆದರೆ ಊರಿನಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ, ಜನ ಠಾಣೆಗೆ ಹೋಗುವ ಮೊದಲು ಅವಳ ಬುಟ್ಟಿಯ ಮುಂದೆ ನಿಲ್ಲುತ್ತಿದ್ದರು. ಅವಳು ಬಿಡಿಸಿದ ಒಗಟುಗಳನ್ನು ಬರೆದಿಡುವುದು ನನ್ನ ಕೆಲಸ. ನನ್ನ ಹೆಸರು ಗುಣಪಾಲ. ಅವಳಿಗೆ ಮಾತ್ರ ನಾನು 'ಮಾಷ್ಟ್ರು'.

"ಕೂಕೋ ಹೆಣೆ," ಎಂದಳು ಬೆಳ್ಳಕ್ಕ. "ಸಂಘಕ್ಕೆ ಸೇರುದಕ್ಕೆ ಇಷ್ಟ್ ನಡುಗೂದ್ ಎಂತಕೆ?"

"ನೋಡುಕೆ ಅಂತ ನನ್ ಕಿಟ್ಟ ಅಲ್ಲಿ ಕೊಟ್ಟ ದೋಣಿ ಇವತ್ ಬೆಳಿಗ್ಗೆ ಮಗುಚಿ ಬಿದ್ದಿತ್ತ್. ಬೀಗ ಹಾಕಿದ್ ಕೋಣೆಯೊಳಗೆ. ಹೋದ್ ವರ್ಷ ಇವ್ನ ಅಪ್ಪಯ್ಯಂದ್ ಬಿದ್ದ ಹಾಂಗೇ."

ಆ ಸಂಘದ ಹೆಸರು ಕಿರುದೋಣಿ ಸಂಘ. ನಿಜವಾದ ದೋಣಿಯ ಒಂದು ಅಡಿಗೆ ಒಂದು ಅಂಗುಲ ಲೆಕ್ಕ ಹಿಡಿದು, ಚೂರೂ ತಪ್ಪದ ಪುಟ್ಟ ದೋಣಿಗಳನ್ನು ಮಾಡುವವರ ಕೂಟ. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ, ಕೈಗೆ ಕೆಲಸವಿಲ್ಲ, ಇದೊಂದು ಹವ್ಯಾಸ. ಅಧ್ಯಕ್ಷರು ಭೋಜ ಹೆಗ್ಡೆಯವರು. ಗದ್ದೆ ತೋಟಗಳ ಒಡೆಯರು, ಈಚೆಗೆ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ದೊಡ್ಡ ಕೊಟ್ಟಿಗೆ ಹಾಕಿಸಿದವರು. ಅವರ ಹಳೆಯ ಗೋದಾಮೇ ಸಂಘದ ಕೋಣೆ.

ಜಲಜಳ ಗಂಡ ಚಂದಯ್ಯ ಇಡೀ ಕರಾವಳಿಗೆ ಗೊತ್ತಿದ್ದ ದೋಣಿ ಬಡಗಿ. ಕಳೆದ ಮಳೆಗಾಲ ಹೆಗ್ಡೆಯವರು ಅವನನ್ನು ಸಂಘಕ್ಕೆ ಕರೆದರು. ಚಂದಯ್ಯ ತನ್ನ ದೋಣಿಯ ಪುಟ್ಟ ರೂಪ ಮಾಡಿ ನೋಡಲು ಕೊಟ್ಟ. ಸಹಿ ಹಾಕುವ ಹೊತ್ತಿಗೆ ಏನೋ ಅನುಮಾನ ಬಂದು, ದೋಣಿ ಹಿಂದೆ ಕೊಡಿ ಎಂದ. ಮರುದಿನ ಬೆಳಗ್ಗೆ, ಬೀಗ ಹಾಕಿದ್ದ ಕೋಣೆಯೊಳಗೆ ಆ ದೋಣಿ ಮಗುಚಿತ್ತು. ಕೇರಿಗೆ ಕೇರಿಯೇ ಬೆದರಿತು. ಅವನ ಕೈಯ ದೋಣಿ ಯಾರಿಗೂ ಬೇಡವಾಯಿತು. ಹಠಕ್ಕೆ ಬಿದ್ದ ಚಂದಯ್ಯ ತನ್ನ ದೋಣಿಯಲ್ಲಿ ಒಬ್ಬನೇ ಅಳಿವೆ ದಾಟಿ ತೋರಿಸುತ್ತೇನೆಂದು ಹೊರಟ. ಹೊಳೆ ಕಡಲು ಸೇರುವ ಆ ಬಾಯಿ ಆಷಾಢದಲ್ಲಿ ಆನೆಯನ್ನೂ ನುಂಗುತ್ತದೆ. ದೋಣಿಯೂ ಬರಲಿಲ್ಲ, ಹೆಣವೂ ಬರಲಿಲ್ಲ.

"ಕಿಟ್ಟ ಎಂತ ಹೇಳ್ತ?" ಎಂದಳು ಬೆಳ್ಳಕ್ಕ.

"ಅವಂದ್ ಎರಡೇ ಮಾತ್. ಸಹಿ ಹಾಕ್ತೆ, ಇಲ್ದಿರೆ ಅಪ್ಪಯ್ಯನ ಹಾಂಗೆ ಅಳಿವೆ ದಾಟ್ತೆ ಅಂತ. ಸೇರಿರೆ ದೋಷ ಹೋತ್ತ್, ಶಾಂತಿ ಮಾಡ್ಸ್ತೆ, ಕೊಟ್ಟಿಗೆಯಲ್ಲಿ ಕೆಲ್ಸವೂ ಕೊಡ್ತೆ ಅಂತ ಹೆಗ್ಡ್ರ್ ಹೇಳಿರಂಬ್ರ್." ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿತ್ತಳು.

ನಾನು ಗಟ್ಟಿಯಾಗಿ ಓದಿದೆ. ಹವ್ಯಾಸ, ಸೌಹಾರ್ದ, ಕಲೆಯ ಉದ್ಧಾರ ಎಂದು ಒಂದು ಪುಟ. ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಸದಸ್ಯರು ಒಪ್ಪಿಸಿದ ಮಾದರಿಯೂ ಆ ಅಳತೆಯಲ್ಲಿ ದೋಣಿ ಕಟ್ಟುವ ಹಕ್ಕೂ ಸಂಘದ್ದಾಗಿರತಕ್ಕದ್ದು.'

"ಇನ್ನೊಂದ್ ಸಲ ಓದಿ ಮಾಷ್ಟ್ರೆ," ಎಂದಳು ಬೆಳ್ಳಕ್ಕ. ಓದಿದೆ. ಅವಳು ಎಲೆ ಜಗಿಯುವುದನ್ನು ನಿಲ್ಲಿಸಿದಳು. "ಜಲಜ, ನಿನ್ ಗಂಡನ ದೋಣಿ ಬೇರೆಯವ್ರದ್ರಿಂದ ಹ್ಯಾಂಗೆ ಬೇರೆ?"

"ಎಡಬದಿ ಒಂದ್ ಬೆರಳ್ ಅಗಲ. ಬಲಬದಿಂದ ಬಲೆ ಎಳೂವಾಗ ವಾಲೂಕಾಗ ಅಂತ. ಅದ್ ಅವ್ರಿಗೂ ಕಿಟ್ಟನಿಗೂ ನಂಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ."

ಆ ಮಧ್ಯಾಹ್ನವೇ ನಾವು ಮೂವರೂ ಗೋದಾಮಿಗೆ ಹೋದೆವು. ಬಾಗಿಲು ತೆರೆದವನು ಸಂಘದ ಕಾರ್ಯದರ್ಶಿ ಗೋವರ್ಧನ. ಕಡಲ ಕೇರಿಯಲ್ಲೇ ಹುಟ್ಟಿ ಡ್ರಾಯಿಂಗ್ ಮಾಸ್ಟರಾದವನು. ಕಾವಲುಗಾರ ಸುಬ್ಬನೂ ಅದೇ ಕೇರಿಯವನು. ಅವನು ಒಳಗೆ ಬರಲೊಪ್ಪದೆ ಹೊಸ್ತಿಲಲ್ಲೇ ಉಳಿದ.

ಕೋಣೆಯಲ್ಲಿ ತೇವದ ವಾಸನೆ. ನಡುವೆ ಗಾಜಿನ ದೊಡ್ಡ ಪೆಟ್ಟಿಗೆ. ಅದರೊಳಗೆ ಹಂಗಾರಕಟ್ಟೆಯ ಅಳಿವೆ: ಒಂದು ಕಡೆ ಹಲಗೆಗೆ ಬಳಿದ ನೀಲಿ ಕಡಲು, ಇನ್ನೊಂದು ಕಡೆ ಅಂಟಿಸಿದ ಮರಳು, ಬೆರಳುದ್ದದ ತೆಂಗಿನ ಮರಗಳು. ಜೀವ ಒಂದೂ ಇಲ್ಲದ ಊರು. ಕಡಲಿನಂಚಿಗೆ ಏಳು ದೋಣಿಗಳು, ಒಂದೊಂದಕ್ಕೂ ಎರಡೂ ಪಕ್ಕ ಪುಟ್ಟ ಬೆಣೆ ಕೊಟ್ಟು ನಿಲ್ಲಿಸಿದ್ದರು. ನಾಲ್ಕು ಕಡಲಿಗೆ ಮೂತಿ ಹಾಕಿ ನೆಟ್ಟಗೆ ನಿಂತಿದ್ದವು. ಕಿಟ್ಟನದು ಮಗುಚಿತ್ತು. ಅದರಾಚೆ, ಒಂದು ವರ್ಷದಿಂದ ಯಾರೂ ಮುಟ್ಟದೆ ಬಿಟ್ಟ ಚಂದಯ್ಯನ ದೋಣಿಯೂ ಮಗುಚಿಯೇ ಇತ್ತು, ಧೂಳಿನ ಹೊದಿಕೆ ಹೊದ್ದು. ಎರಡರ ಮೂತಿಯೂ ಕಡಲಿಗೆ ಬೆನ್ನು ಹಾಕಿ ನೆಲದ ಕಡೆ.

ಜಲಜ ನನ್ನ ತೋಳು ಹಿಡಿದಳು. "ಕಾಣಿ ಮಾಷ್ಟ್ರೆ. ಸಾವಾದ ಮನೆಯವ್ರ್ ಹದ್ಮೂರ್ ದಿನ ದೋಣಿ ಮೂತಿ ನೆಲಕ್ಕೆ ತಿರ್ಗಿಸಿ ಇಡುದ್. ಇದ್ ತನ್ನಷ್ಟಕ್ಕೇ ತಿರ್ಗಿತ್ತಲ್ಲ!"

ನಾನು ಪುಸ್ತಕ ಓದಿದವನು, ದೆವ್ವವನ್ನು ನಂಬದವನು. ಆದರೂ ಆ ಗಾಜಿನೊಳಗೆ ಇಣುಕುವಾಗ ಉಸಿರು ಬಿಗಿಹಿಡಿದಿದ್ದೆ. ಕಣ್ಣು ತಪ್ಪಿಸಿ ಏಳನೆಯ ದೋಣಿ ನೋಡಿದೆ. ಹಿತ್ತಾಳೆ ಪಟ್ಟಿ ಹೊಡೆದ ಭಾರಿ ದೋಣಿ, ನೆಟ್ಟಗೆ ನಿಂತಿತ್ತು. ಅದರ ಮೂತಿಯೂ ನೆಲದ ಕಡೆ.

"ಇದ್ ಯಾರದ್ದ್?" ಎಂದಳು ಬೆಳ್ಳಕ್ಕ.

"ಅಧ್ಯಕ್ಷರದ್ದು," ಎಂದ ಗೋವರ್ಧನ, ಮುಖ ಹಿಂಡಿ. "ಅವ್ರೇ ಇಟ್ಟದ್ದ್. ಹೇಳುಕಾತ್ತಾ?"

"ನಿನ್ನೆ ಬೀಗ ಹಾಕುವಾಗ ಯಾರೆಲ್ಲ ಇದ್ರ್?"

"ನಾವ್ ಮೂರೇ ಜನ. ಹೆಗ್ಡ್ರ್, ನಾನ್, ಸುಬ್ಬ. ನಾವಿಬ್ರೂ ಕಿಟಕಿ ಹಾಕ್ತಾ ಇದ್ದಿತ್ತ್, ಹೆಗ್ಡ್ರ್ ಗಾಜ್ ಒರಸ್ತಾ ಇದ್ದಿರ್. ಚಂದಯ್ಯಂದೊಂದ್ ಬಿಟ್ರೆ ಎಲ್ಲಾ ದೋಣಿ ನೆಟ್ಟಗೇ ಇದ್ದಿತ್ತ್. ಬೆಳಿಗ್ಗೆ ನಾನೇ ಬೀಗ ತೆಗ್ದದ್ದ್."

"ಕಿಟ್ಟನ ದೋಣಿಗೆ ಒಂದೇ ಬೆಣೆ ಕಾಣ್ತ್. ಇನ್ನೊಂದ್?"

"ಅದೇ ಸೋಜಿಗ. ಹುಡ್ಕಿ ಹುಡ್ಕಿ ಸಾಕಾಯ್ತ್. ಚಂದಯ್ಯಂದೂ ಹೋದ್ ವರ್ಷ ಹೀಂಗೇ ಒಂದ್ ಸಿಕ್ಲಿಲ್ಲ."

ಬೆಳ್ಳಕ್ಕ ಗಾಜಿನ ಮುಚ್ಚಳ ಎತ್ತಿಸಿದಳು. ಚಂದಯ್ಯನ ದೋಣಿಯ ಪಕ್ಕ ನೀಲಿ ಬಣ್ಣದ ಮೇಲೆ ಉಗುರಿನಷ್ಟು ಬಿಳಿ ಪೊರೆ ಕಟ್ಟಿತ್ತು. ಕಿಟ್ಟನದರ ಪಕ್ಕ ಅಷ್ಟೇ ಅಗಲಕ್ಕೆ ಒದ್ದೆ. ಅವಳು ಒದ್ದೆಯನ್ನು ಬೆರಳಿನಿಂದ ಒತ್ತಿ ನಾಲಿಗೆಗೆ ಮುಟ್ಟಿಸಿಕೊಂಡಳು. ಆಮೇಲೆ ಪೊರೆಯನ್ನು ಕೆರೆದು ಅದನ್ನೂ.

"ಎಂತ ಬೆಳ್ಳಿ, ಮೀನ್ ಮಾರುಕ್ ಬಂದದ್ದಾ, ದೋಣಿ ನೆಕ್ಕುಕ್ ಬಂದದ್ದಾ?" ಬಾಗಿಲಲ್ಲಿ ಭೋಜ ಹೆಗ್ಡೆಯವರು. "ಬುಟ್ಟಿ ಹಿಂಬಾಗ್ಲಲ್ಲಿ ಇಡ್. ಕೋಣೆ ನಾರ್ತ್."

"ಬುಟ್ಟಿ ಖಾಲಿ ಒಡೆಯ," ಎಂದಳು ಬೆಳ್ಳಕ್ಕ ನಗುತ್ತ. "ನಾರುದ್ ಅದಲ್ಲ."

ಮರುದಿನ ನಾವಿಬ್ಬರೂ ಬಸ್ಸು ಹಿಡಿದು, ಉಳಿದ ದಾರಿ ನಡೆದು ಹಂಗಾರಕಟ್ಟೆ ಸೇರಿದೆವು. ಹೆಗ್ಡೆಯವರ ಕೊಟ್ಟಿಗೆಗೆ ಆಳೆತ್ತರದ ತೆಂಗಿನ ಮಡಲಿನ ತಟ್ಟಿ ಕಟ್ಟಿತ್ತು. ಒಳಗೆ ಗುಡ್ಡ ಎಂಬ ಬಡಗಿ ಬೆಳ್ಳಕ್ಕನ ಗುರುತಿನವನು; ಅವನೇ ನಮ್ಮನ್ನು ಒಳಗೆ ಬಿಟ್ಟ. ಅರ್ಧ ಕಟ್ಟಿದ ದೋಣಿಯೊಂದು ಹೊಳೆಯ ಕಡೆ ಬಾಯಿ ತೆರೆದು ನಿಂತಿತ್ತು. ಬೆಳ್ಳಕ್ಕ ಮೊದಲು ಬಲಬದಿಗೆ, ಆಮೇಲೆ ಎಡಬದಿಗೆ ಗೇಣು ಹಾಕಿದಳು.

"ಎಡಬದಿ ಎಂತಕೆ ಒಂದ್ ಬೆರಳ್ ಹೆಚ್ಚ್ ಗುಡ್ಡ?"

"ನಂಗೆಂತ ಗೊತ್ತ್? ಅಳತೆ ಹೆಗ್ಡ್ರ್ ಕೊಟ್ಟದ್ದ್. ಕೇಂಡ್ರೆ, ಇದ್ದ ಹಾಂಗೆ ಮಾಡ್ ಅಂದ್ರ್. ಅವ್ರಿಗೂ ಗೊತ್ತಿಲ್ಲ ಕಾಣ್."

ಹಿಂದಿರುಗಿ ಬಸ್ಸು ಇಳಿಯುವಾಗ ಬೆಳ್ಳಕ್ಕ, "ಮಾಷ್ಟ್ರೆ, ಆಯ್ತವಾರ ಮೂರ್ ಗಂಟೆಗೆ ಎಲ್ಲರೂ ಬರ್ಕ್. ಕಿಟ್ಟ ಪೆನ್ ಹಿಡ್ಕಂಡೇ ಬರ್ಲಿ," ಎಂದಳು.

ಭಾನುವಾರ ಗೋದಾಮು ತುಂಬಿತ್ತು. ಸಂಘದವರು ಕುರ್ಚಿಯಲ್ಲಿ, ಕೇರಿಯವರು ಗೋಡೆಗೆ ಒರಗಿ. ಕಿಟ್ಟ ಮೇಜಿನ ಮುಂದೆ ಕೂತಿದ್ದ; ಇಪ್ಪತ್ತನಾಲ್ಕರ ಗಂಡಸು, ಮೂರು ದಿನದಿಂದ ನಿದ್ದೆಯಿಲ್ಲದ ಕಣ್ಣು. ಕಾಗದ ಅವನ ಮುಂದಿತ್ತು. ಹೊರಗೆ ಮಳೆ ಹಂಚಿನ ಮೇಲೆ ಬೆರಳು ಬಡಿಯುತ್ತಿತ್ತು. ಯಾರೂ ಗಾಜಿನ ಪೆಟ್ಟಿಗೆಯ ಕಡೆ ಬೆನ್ನು ಹಾಕಿ ಕೂರಲಿಲ್ಲ.

"ಸಹಿ ಹಾಕ್ ಕಿಟ್ಟ," ಎಂದರು ಹೆಗ್ಡೆಯವರು ಮೆಲ್ಲಗೆ. "ಅಪ್ಪ ಹಠ ಮಾಡಿ ಎಂತಾಯ್ತ್ ಗೊತ್ತಿತ್ತಲ್ದಾ?"

ಆಗ ಟಪ್ ಎಂದು ಒಂದು ಸಣ್ಣ ಸದ್ದು.

ಗಾಜಿನೊಳಗೆ, ಯಾರ ಕೈಯೂ ಇಲ್ಲದೆ, ಹಿತ್ತಾಳೆ ಪಟ್ಟಿಯ ದೋಣಿ ಮಗುಚಿತ್ತು. ಅಧ್ಯಕ್ಷರ ದೋಣಿ.

ಯಾರೋ ಕಿರುಚಿದರು. ಸುಬ್ಬ ನೆಲಕ್ಕೆ ಹಣೆ ಹಚ್ಚಿದ. ಗೋವರ್ಧನ ಕೈ ಮುಗಿದು ಕಣ್ಣು ಮುಚ್ಚಿದ. ಕಿಟ್ಟನ ಪೆನ್ನು ಉರುಳಿ ಕೆಳಗೆ ಬಿತ್ತು. ಭೋಜ ಹೆಗ್ಡೆಯವರೊಬ್ಬರೇ ನೆಗೆದೆದ್ದು ಮುಚ್ಚಳ ಎತ್ತಿ, ದೋಣಿಯ ಅಡಿಗೆ ಬೆರಳು ಹಾಕಿ ಒರೆಸತೊಡಗಿದರು.

"ಅಲ್ಲಿ ಎಂತ ಹುಡುಕ್ತ್ರಿ ಒಡೆಯ?" ಗೋಡೆಯ ಬದಿಯಿಂದ ಬೆಳ್ಳಕ್ಕ ಕೇಳಿದಳು. "ಎಲ್ಲರೂ ದೇವರ್ನ ಹುಡುಕುವಾಗ ನೀವೊಬ್ರೇ ಉಪ್ಪ್ ಹುಡುಕ್ತ್ರ್ಯಲ್ಲ."

ಹೆಗ್ಡೆಯವರ ಕೈ ನಿಂತಿತು.

ಬೆಳ್ಳಕ್ಕ ಎಲೆಸಂಚಿಯಿಂದ ಒಂದು ಪುಟ್ಟ ಬೆಣೆ ತೆಗೆದು ಮೇಜಿನ ಮೇಲಿಟ್ಟಳು. "ನಾನೇ ತೆಗ್ದದ್ದ್, ಮಧ್ಯಾಹ್ನ, ಗೋವರ್ಧನ ಬೆನ್ನ್ ಹಾಕಿ ಕುರ್ಚಿ ಜೋಡ್ಸುವಾಗ. ಅದ್ರ ಜಾಗಕ್ಕೆ ಒಂದ್ ಹರಳ್ ಉಪ್ಪ್ ಕೊಟ್ಟೆ. ನಾನ್ ಮೀನಿಗೆ ಉಪ್ಪ್ ಹಾಕಿ ಬದ್ಕಿದವ್ಳ್. ಆಸಾಡಿ ತಿಂಗಳ ಗಾಳಿಗೆ ಉಪ್ಪ್ ಎಷ್ಟ್ ಹೊತ್ತ್ ನಿಲ್ತ್ ಅಂತ ನಂಗೆ ಯಾರೂ ಹೇಳುದ್ ಬೇಡ. ಸಣ್ಣ ಹರಳ್ ಎರಡ್ ತಾಸ್, ದೊಡ್ಡ ಹರಳ್ ರಾತ್ರಿ ಪೂರ. ಕರ್ಗಿ ನೀರಾಯ್ತ್, ದೋಣಿ ವಾಲ್ತ್. ಕಿಟ್ಟನ ದೋಣಿ ಹತ್ರ ಆ ನೀರ್ ಇನ್ನೂ ಇದ್ದಿತ್ತ್. ಚಂದಯ್ಯನ ದೋಣಿ ಹತ್ರ ಒಣ್ಗಿ ಬಿಳಿ ಆಗಿತ್ತ್. ಬಣ್ಣ ಬಳ್ದ ಕಡಲ್ ಉಪ್ಪ್ ಉಪ್ಪ್ ಹ್ಯಾಂಗೆ ಆಯ್ತ್ ಹೇಳಿ?"

"ಉಪ್ಪು ಯಾರೂ ಇಡಬಹುದು," ಎಂದರು ಹೆಗ್ಡೆಯವರು. "ಬೀಗದ ಕೈ ಗೋವರ್ಧನನ ಹತ್ರವೂ ಇತ್ತ್."

"ಇತ್ತ್. ಸುಬ್ಬನೂ ಇದ್ದಿದ್ದ. ಆದ್ರೆ ಅವ್ರಿಬ್ರೂ ಕಡಲ ಕೇರಿಯವ್ರ್. ಆಟಿಕೆ ದೋಣಿ ಆದ್ರೂ ಅದ್ರ ಮೂತಿ ನೆಲಕ್ಕೆ ತಿರ್ಗ್ಸುಕೆ ಅವ್ರ ಕೈ ಏಳೂದಿಲ್ಲ. ತಿರ್ಗ್ಸಿರೆ ಮನೆಯಲ್ಲಿ ಹೆಣ ಬೀಳ್ತ್ ಅಂತ ಹೆದ್ರಿಕೆ. ಬೆಣೆ ತೆಗೂಕೆ ದೋಣಿ ಎತ್ತಿ ಮತ್ತೆ ಇಟ್ಟವ್ರಿಗೆ ಆ ಹೆದ್ರಿಕೆಯೇ ಇಲ್ಲ. ಕಾರ್ ತಂದ್ ಮನೆ ಕಡೆ ಮುಖ ಮಾಡಿ ನಿಲ್ಸ್ತ್ರಲ್ದಾ, ಹಾಂಗೆ ಇಟ್ರ್. ತಮ್ಮ ಸ್ವಂತ ದೋಣಿ ಇಟ್ಟ ಹಾಂಗೆ. ಗಾಜ್ ಒರಸುವ ನೆವದಲ್ಲಿ."

ಗೋಡೆಯ ಬದಿಯ ಜನ ಕದಲಿದರು.

"ಎಂತಕೆ ಅಂತ ಕೇಣಿ. ಈ ಪುಟ್ಟ ದೋಣಿ ಆಟ ಅಲ್ಲ. ಒಂದ್ ಅಂಗುಲವನ್ನ ಒಂದ್ ಅಡಿ ಮಾಡಿರೆ ಚಂದಯ್ಯನ ಇಡೀ ದೋಣಿ ಇದ್ರೊಳಗಿತ್ತ್. ಹಂಗಾರಕಟ್ಟೆ ಕೊಟ್ಟಿಗೆಯಲ್ಲಿ ಅದೇ ದೋಣಿ ಏಳ್ತಾ ಇತ್ತ್, ಎಡಬದಿ ಒಂದ್ ಬೆರಳ್ ಅಗಲ. ಆ ಬೆರಳ್ ಎಂತಕೆ ಅಂತ ಕದ್ದವ್ರಿಗೆ ಗೊತ್ತಿಲ್ಲ! ಮಾಷ್ಟ್ರೆ, ಆ ಸಾಲ್ ಓದಿ."

ಓದಿದೆ.

"ಸಹಿ ಹಾಕಿರೆ ಕಿಟ್ಟ ತನ್ನ ಅಪ್ಪಯ್ಯನ ದೋಣಿ ಕಟ್ಟುಕಾಗ; ಇವ್ರ ಕೊಟ್ಟಿಗೆಯಲ್ಲಿ ಆಳಾಯ್ಕ್. ಹಾಕ್ದಿರೆ ದೋಣಿ ಮಗುಚ್ತ್, ಕೇರಿ ಹೆದರ್ತ್, ಆಗಳೂ ಕಾಲಿಗೇ ಬೀಳ್ಕ್. ಚಂದಯ್ಯ ಬೀಳ್ಲಿಲ್ಲ. ಅಳಿವೆಗೆ ಹೋದ."

"ನಾನು ಅವನನ್ನ ಮುಟ್ಟಿದ್ದೇ ಇಲ್ಲ!" ಎಂದು ಹೆಗ್ಡೆಯವರು ಗುಡುಗಿದರು. "ಯಾವ ಕಾನೂನಿನಲ್ಲಿ ಇದು ಕೊಲೆ?"

ಯಾವ ಕಾನೂನಿನಲ್ಲೂ ಅಲ್ಲ. ಒಂದು ಹರಳು ಉಪ್ಪಿನಿಂದ ಮನುಷ್ಯನನ್ನು ಕೊಲ್ಲಬಹುದು ಎಂದು ಬರೆದ ಪುಸ್ತಕ ಯಾವ ಠಾಣೆಯಲ್ಲೂ ಇಲ್ಲ. ಉಳ್ಳವರು ನೆಲ ಕಿತ್ತುಕೊಂಡರೆ ದಾಖಲೆ ಇರುತ್ತದೆ. ಕೈಯೊಳಗಿನ ವಿದ್ಯೆ ಕಿತ್ತುಕೊಂಡರೆ ಅದಕ್ಕೆ ಹವ್ಯಾಸ ಎಂದು ಹೆಸರು.

ಕಿಟ್ಟ ಎದ್ದು ಕಾಗದವನ್ನು ನಾಲ್ಕಾಗಿ ಹರಿದ. ಗೋವರ್ಧನ ತನ್ನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ತನ್ನ ಪುಟ್ಟ ದೋಣಿಯನ್ನು ಎದೆಗೊತ್ತಿಕೊಂಡು ಹೊರನಡೆದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಕೊನೆಗೆ ಆ ಗಾಜಿನೊಳಗೆ ಉಳಿದದ್ದು ಮಗುಚಿದ ಹಿತ್ತಾಳೆಯ ದೋಣಿ ಒಂದೇ. ಆ ವರ್ಷ ನೂಲಹುಣ್ಣಿಮೆಯ ಕಡಲ ಪೂಜೆಗೆ ಹೆಗ್ಡೆಯವರ ಕೊಟ್ಟಿಗೆಯ ದೋಣಿಗೆ ತೆಂಗಿನಕಾಯಿ ಒಡೆಯಲು ಕೇರಿಯವರು ಯಾರೂ ಹೋಗಲಿಲ್ಲ.

ಭಾನುವಾರಗಳಲ್ಲಿ ನಮ್ಮ ವಾಚನಾಲಯದ ಬೆಂಚಿನ ಮೇಲೆ ಈಗ ಉಳಿ, ಅಂಟು, ಪುಟ್ಟ ಹಲಗೆಗಳು. ಸಹಿ ಇಲ್ಲ, ಅಧ್ಯಕ್ಷರಿಲ್ಲ. ಮಾಡಿದ ದೋಣಿ ಮಾಡಿದವನ ಮನೆಗೆ.

"ಹಾಂಗಾರೆ ಸಂಘಕ್ಕೆ ಸೇರುದ್ ಒಳ್ಳೇದೇ ಅಲ್ದಾ ಬೆಳ್ಳಕ್ಕ?" ಎಂದು ಕಿಟ್ಟ ಕೆಣಕಿದ.

"ಬಾಗ್ಲ್ ಒಳಗಿಂದಲೂ ತೆಗೂಕಾತ್ತಾ ಕಾಣ್, ಆಮೇಲೆ ಸೇರ್," ಎಂದಳು ಅವಳು.

ಆದರೆ ನನಗೆ ಮರೆಯದಿರುವುದು ಆ ಭಾನುವಾರದ ಸಂಜೆ. ಜಲಜ ಗಂಡನ ಪುಟ್ಟ ದೋಣಿಯನ್ನು ಸೆರಗಿನಲ್ಲಿ ಒರೆಸಿ ಮನೆಗೆ ತಂದಳು. ಚಂದಯ್ಯ ಹೋದಾಗ ದೋಣಿಯೂ ಹೋಗಿತ್ತು. ಮೂತಿ ತಿರುಗಿಸಿಡಲು ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಒಂದು ವರ್ಷ ಅವಳು ಅಳಲೂ ಇಲ್ಲವಂತೆ. ಅವಳು ಅದನ್ನು ಕಿಟಕಿಯಲ್ಲಿಟ್ಟು, ಎರಡೂ ಪಕ್ಕ ಬೆಣೆ ಕೊಟ್ಟು, ತನ್ನ ಕೈಯಾರೆ ಅದರ ಮೂತಿಯನ್ನು ನೆಲದ ಕಡೆಗೆ ತಿರುಗಿಸಿದಳು. ಆಮೇಲೆ ಅತ್ತಳು.

ಹದಿಮೂರನೆಯ ದಿನ ಬೆಳಗ್ಗೆ ಕಿಟ್ಟ ಅದನ್ನು ಕಡಲಿಗೆ ತಿರುಗಿಸಿದ.