ಆ ಕಬ್ಬಿಣ ಯಾರದು?

"ಅಯ್ಯೋ ಹುಡುಗೀ, ಥ್ಯಾಂಕ್ಸ್ ಅಂದ್ಬಿಟ್ಯಾ? ಮುಗೀತು! ಇನ್ನು ನಿಂಗೆ ಒಂದು ಗುಟುಕೂ ಸಿಗಲ್ಲ!"

ಫಾರ್ಮಿನ ಅಡುಗೆಯಾಕೆ ದೋನಾ ಝುಲ್ಮೀರಾ ಹೊಟ್ಟೆ ಹಿಡಿದು ನಕ್ಕರು. ಜುಸಾರಾ ಕಕ್ಕಾಬಿಕ್ಕಿಯಾದಳು. ರೆಸಿಫೆಯ ಕಡಲತೀರ ಬಿಟ್ಟು ದೂರದ ಒಳನಾಡಿನ ಕಾಂಪೊ ಗ್ರಾಂಡೆಯ ಈ ದನದ ಫಾರ್ಮಿಗೆ ಅವಳು ಬಂದದ್ದು ಮೊನ್ನೆ ಮೊನ್ನೆ. ಎಲೆಪುಡಿಗೆ ಐಸ್‌ನೀರು ಹುಯ್ದು ಒಂದೇ ಬಟ್ಟಲಲ್ಲಿ ಎಲ್ಲರೂ ಸರದಿಯಲ್ಲಿ ಕುಡಿಯುವ ತೆರೆರೆ ಕುಡಿದು, ಆ ಕೊಂಬಿನ ಬಟ್ಟಲು ಮರಳಿಸುವಾಗ ಥ್ಯಾಂಕ್ಸ್ ಎಂದರೆ 'ನನಗಿನ್ನು ಬೇಡ' ಎಂದರ್ಥ ಅಂತ ಅವಳಿಗೇನು ಗೊತ್ತು?

ಬಟ್ಟಲು ಅವಳನ್ನು ದಾಟಿ ಮುಂದೆ ಹೋಯಿತು. ಆದರೆ ಐಸ್‌ನೀರಿನ ಹೂಜಿ ಹಿಡಿದು ಕೂತಿದ್ದ ಫಾರ್ಮಿನ ಯಜಮಾನ ಗಿಲ್ಮಾರ್, ಎಲ್ಲರ ಕಣ್ಣು ತಪ್ಪಿಸಿ ಮತ್ತೆ ತುಂಬಿಸಿ ಅವಳ ಕೈಗಿಟ್ಟ.

"ಕುಡೀರಿ ಡಾಕ್ಟ್ರೇ. ಬಿಸಿಲು ಜೋರಿದೆ."

ಬೆರಳಿಗೆ ಬೆರಳು ತಾಕಿತು... ಅಷ್ಟೇ!

ಕೆಲವು ಹೋರಿಗಳ ಮಕ್ಕಳ ಮಾಂಸದಲ್ಲಿ ಕಬ್ಬಿಣ, ಸತು ಹೆಚ್ಚಿರುತ್ತದೆಯೇ? ಅದು ಅಪ್ಪನಿಂದ ಬಂದ ಗುಣವೇ, ತಿಂದ ಮೇವಿನದೇ? ಇದು ಅವಳ ಸಂಶೋಧನೆ. ಗಿಲ್ಮಾರನ ಹೋರಿ ಕಸೀಕಿಯ ಮಕ್ಕಳೂ ಪಕ್ಕದ ಫಾರ್ಮಿನ ಹೋರಿಯ ಮಕ್ಕಳೂ ಕಸಾಯಿಖಾನೆಗೆ ಬಂದಾಗ, ಕೋಲ್ಡ್ ರೂಮಿನಲ್ಲಿ ನಿಂತು ಒಂದೊಂದರ ಬೆನ್ನಿನ ಮಾಂಸದ ತುಣುಕು ಕೊಯ್ಯಬೇಕು.

"ಸ್ಟೀಲ್ ಚಾಕು ಮುಟ್ಟಲೇಬಾರ್ದು. ಅದರ ಕಬ್ಬಿಣ ಮಾಂಸಕ್ಕೆ ಅಂಟುತ್ತೆ. ಸೆರಾಮಿಕ್ ಮಾತ್ರ!" ಎನ್ನುತ್ತಿದ್ದಳು ಅವಳು.

"ನಮ್ಮ ಪಾದ್ರಿಗಿಂತ ನಿಂದೇ ಕಟ್ಟುಪಾಡು ಜಾಸ್ತಿ ಆಯ್ತು," ಎಂದು ಸಹಾಯಕ್ಕೆ ನಿಂತ ಗಿಲ್ಮಾರ್ ಛೇಡಿಸುತ್ತಿದ್ದ. 'ಡಾಕ್ಟ್ರೇ' ಯಾವಾಗ 'ಜುಸಾರಾ' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಕೊನೆಯ ಲಾರಿಯ ದನಗಳ ದಿನ. ಅರ್ಧ ಕೆಲಸ ಬಾಕಿ ಇರುವಾಗಲೇ ಫೋನು ಬಂತು. ಅಮ್ಮ ಹೋಗಿಬಿಟ್ಟಿದ್ದಳು!

"ನೀನು ಹೊರಡು. ಉಳಿದದ್ದು ನಾನು ಕೊಯ್ತೀನಿ," ಎಂದ ಗಿಲ್ಮಾರ್, ಅವಳ ತಣ್ಣಗಾದ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದು.

ಮಣ್ಣು ಮುಗಿಸಿ ಮರಳಿದ ಜುಸಾರಾ ನಗುವುದನ್ನೇ ಮರೆತಿದ್ದಳು. ಪ್ರಯೋಗಾಲಯದ ಫಲಿತಾಂಶ ಬಂದ ದಿನ ಮಾತ್ರ ಓಡಿ ಬಂದು ಅವನ ಕೊರಳಿಗೆ ಜೋತುಬಿದ್ದಳು. "ಕಸೀಕಿಯ ಮಕ್ಕಳಲ್ಲಿ ಕಬ್ಬಿಣ ಎಷ್ಟು ಗೊತ್ತಾ? ಪಕ್ಕದ ಹೋರಿಯ ಮಕ್ಕಳಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು!"

ಗಿಲ್ಮಾರ್ ಏನೋ ಹೇಳಲು ಬಾಯಿ ತೆರೆದ... ಮುಚ್ಚಿಕೊಂಡ.

ಸುದ್ದಿ ಹಬ್ಬಿತು. ಕಸೀಕಿಯ ವೀರ್ಯಕ್ಕೆ ಬುಕಿಂಗ್ ಮೇಲೆ ಬುಕಿಂಗ್. ಆದರೆ ಮರುಪರಿಶೀಲನೆಗೆ ಕೂತ ಜುಸಾರಾ ಒಂದು ಸಾಲಿಗೆ ಬಂದು ನಿಂತಳು. ಕಬ್ಬಿಣ ಹೆಚ್ಚಿದ್ದ, ಗಿಲ್ಮಾರ್ ಕೊಯ್ದ ತುಣುಕುಗಳಲ್ಲೇ ಕ್ರೋಮಿಯಂ ಕೂಡ ವಿಪರೀತ! ಅಷ್ಟು ಕ್ರೋಮಿಯಂ ಯಾವ ದನದ ಮೈಯಲ್ಲೂ ಇರುವುದಿಲ್ಲ. ಅದಿರುವುದು ಸ್ಟೀಲ್ ಚಾಕುವಿನಲ್ಲಿ.

"ನಿನ್ನ ಹೋರಿಗೆ ಬೆಲೆ ಬರಲಿ ಅಂತ ತಾನೇ? ನಾನು ಅಮ್ಮನಿಗೆ ಮಣ್ಣು ಹಾಕ್ತಾ ಇದ್ದೆ ಗಿಲ್ಮಾರ್... ನೀನು ಇಲ್ಲಿ ಇದನ್ನ ಮಾಡ್ತಿದ್ದೆ!"

ಅವನ ಮುಖ ಬಿಳುಪೇರಿತು. "ಸ್ವಲ್ಪ ಕೂತ್ಕೋ... ಹೇಳ್ತೀನಿ," ಎನ್ನುತ್ತ ತೆರೆರೆಯ ಬಟ್ಟಲು ಚಾಚಿದ.

ಅವಳು ಅದನ್ನು ಹಿಂದಕ್ಕೆ ತಳ್ಳಿದಳು. "ಥ್ಯಾಂಕ್ಸ್."

ಚೀಲ ಎತ್ತಿಕೊಂಡು ಅಂಗಳ ದಾಟಿ ಹೊರಟಳು. ಅವನು ತಡೆಯಲಿಲ್ಲ.

ಆಮೇಲಿನ ತಿಂಗಳುಗಳು ಹೇಗೆ ಕಳೆದವೋ! ಅಮ್ಮನೂ ಇಲ್ಲ, ಅವನೂ ಇಲ್ಲ. ನಗರದ ಬಾಡಿಗೆ ಕೋಣೆಯಲ್ಲಿ ದಿಂಬು ಒದ್ದೆಯಾಗದ ದಿನವಿರಲಿಲ್ಲ.

ಕೆಟ್ಟ ತುಣುಕುಗಳನ್ನು ತೆಗೆದುಹಾಕಲು ಅವಳು ಮತ್ತೆ ಒಂದೊಂದನ್ನೇ ನೋಡತೊಡಗಿದಳು. ಥಟ್ಟನೆ ಕೈ ನಿಂತಿತು. ಕೊನೆಯ ಲಾರಿಯಲ್ಲಿ ಬಂದವು ಹೆಚ್ಚಾಗಿ ಕಸೀಕಿಯ ಮಕ್ಕಳೇ, ನಿಜ. ಆದರೆ ನಡುವೆ ಇದ್ದ ಪಕ್ಕದ ಫಾರ್ಮಿನ ದನಗಳ ತುಣುಕುಗಳಿಗೂ ಅದೇ ಕಬ್ಬಿಣ, ಅದೇ ಕ್ರೋಮಿಯಂ ಅಂಟಿತ್ತು!

ಮೋಸ ಮಾಡುವವನು ಎದುರಾಳಿಯ ಹೋರಿಗೂ ಹೆಸರು ತರುತ್ತಾನೆಯೇ?

'ದೇವರೇ... ಸಿಟ್ಟಿನಲ್ಲಿ ಇದನ್ನ ನೋಡಲೇ ಇಲ್ವಲ್ಲ ನಾನು!'

ಅವಳು ದೋನಾ ಝುಲ್ಮೀರಾಗೆ ಫೋನು ಮಾಡಿದಳು.

"ಈಗ ನೆನಪಾಯ್ತಾ ನಮ್ಮದು? ನೀನು ಹೋದ ದಿನವೇ ಗಿಲ್ಮಾರ್ ಬುಕಿಂಗ್ ಎಲ್ಲಾ ರದ್ದು ಮಾಡ್ದ. 'ಹೋರಿದಲ್ಲ, ನನ್ನ ಚಾಕುದು ಕಬ್ಬಿಣ' ಅಂತ ಊರಿಗೆಲ್ಲ ಹೇಳ್ಕೊಂಡು ಬಂದ. ನಿಂಗೊಬ್ಬಳಿಗೆ ಹೇಳೋಕೆ ಬಾಯಿಲ್ಲ, ಕತ್ತೆಗೆ!"

ಜುಸಾರಾ ಫಾರ್ಮು ತಲುಪಿದಾಗ ಅವನು ಬಟ್ಟಲು, ಹೂಜಿ ಇಟ್ಟುಕೊಂಡು ಬೇಲಿಯ ಪಕ್ಕ ಒಬ್ಬನೇ ಕೂತಿದ್ದ. ಇಳಿದುಹೋಗಿದ್ದ.

"ಯಾಕೆ ಹೇಳಲಿಲ್ಲ ಗಿಲ್ಮಾರ್?"

"ಸೆರಾಮಿಕ್ ಚಾಕು ಮುರೀತು. ಮಾಂಸಾನ ಅವತ್ತೇ ಸಾಗಿಸೋರಿದ್ರು. ಏನೂ ಇಲ್ಲದ್ದಕ್ಕಿಂತ ಇರಲಿ ಅಂತ ಸೊಂಟದ ಚಾಕು ತೆಗ್ದೆ. ನೀನು ಬಂದ ಮೇಲೆ ಹೇಳೋಣ ಅಂತಿದ್ದೆ..." ಅವನು ಹೂಜಿಯಿಂದ ಬಟ್ಟಲು ತುಂಬಿಸಿದ. "ಆದ್ರೆ ಅಮ್ಮ ಹೋದ ಮೇಲೆ ನೀನು ಮೊದಲ್ನೇ ಸಲ ನಕ್ಕಿದ್ದೆ. ಆ ನಗು ಹೇಗೆ ಕಿತ್ಕೊಳ್ಳಲಿ? ತಪ್ಪು ನಂದೇ."

"ನಂದೂ ಇದೆ. ಕೇಳೋಕೆ ಮೊದಲೇ ತೀರ್ಪು ಕೊಟ್ಟೆ." ಅವಳ ಕಣ್ಣು ತುಂಬಿ ಹರಿಯಿತು. "ಕೆಟ್ಟ ತುಣುಕು ಎಲ್ಲಾ ತೆಗೆದು ಮತ್ತೆ ಲೆಕ್ಕ ಹಾಕಿದೆ. ಕಸೀಕಿ ಮಾಮೂಲಿ ಹೋರಿ ಕಣೋ."

"ಮೆಲ್ಲಗೆ ಹೇಳು," ಬೇಲಿಯಾಚೆ ನೋಡುತ್ತ ಅವನು ಪಿಸುಗುಟ್ಟಿದ. "ಅವನಿಗೆ ಕೇಳಿಸಿದ್ರೆ ಬೇಜಾರು ಮಾಡ್ಕೋತಾನೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಇದೇ ನಗೂಗೆ ನಾನು ಸೋತಿದ್ದು," ಎಂದ ಅವನು. "ಇರ್ತೀಯಾ ಜುಸಾರಾ?"

ಅವಳು ಅವನ ಕೈಯಿಂದ ಬಟ್ಟಲು ತೆಗೆದುಕೊಂಡು, ತಳದ ಕೊನೆಯ ಹನಿಯವರೆಗೂ ಹೀರಿ, ಥ್ಯಾಂಕ್ಸ್ ಎನ್ನದೆ ಮರಳಿಸಿದಳು.

ಅವನು ಹೂಜಿ ಎತ್ತಿ ಮತ್ತೆ ತುಂಬಿಸತೊಡಗಿದ.