ಒಡಪಿನಲ್ಲಿ ಅವನ ಹೆಸರು

“ಅಲ್ರಿ ಅಕ್ಕೋರ, ಆಕಿ ಅಂವನ ಹೆಸರ ಒಡಪಿನ್ಯಾಗ ಹಾಕಿ ಹೇಳಿದಳ್ರಿ! ನಾ ಈ ಕಿವೀಲೆ ಕೇಳೀನಿ!”

ಸಾಲೆಯ ಕಸ ಗುಡಿಸುವ ಚನ್ನವ್ವ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಕಣ್ಣರಳಿಸಿದಳು.

ಸಿದ್ದಲಿಂಗವ್ವನ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು.

“ಯಾರ ಹೆಸರ?”

“ಮತ್ಯಾರದ್ರಿ? ನಮ್ಮ ಯುನಿಟ್ ಶಿವಯೋಗೆಪ್ಪಂದು! ದವಾಖಾನಿಗೆ ಹೊಸದಾಗಿ ಬಂದಾಳಲ್ಲ, ನರ್ಸಬಾಯಿ ಹಾಲವ್ವ, ಆಕಿ!”

ಸಿದ್ದಲಿಂಗವ್ವನಿಗೆ ನೆಲವೇ ಜಾರಿದಂತಾಯಿತು. ಈ ಸೀಮೆಯಲ್ಲಿ ಹೆಂಗಸು ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ಎತ್ತುವುದಿಲ್ಲ. ಎರಡು ಸಾಲಿನ ಒಡಪು ಕಟ್ಟಿ, ಅದರೊಳಗಿಟ್ಟು, ನಾಚಿಕೊಂಡು ಹೇಳುತ್ತಾಳೆ. ಅಂದಮೇಲೆ ಒಡಪಿನಲ್ಲಿ ಹೆಸರು ಬಂತೆಂದರೆ… ಮುಗಿಯಿತು. ಅವನು ಅವಳವನು!

‘ಹಂಗಾರ ನಾ ಯಾರು?’

ಪಾಪ, ಹಾಗೆ ಕೇಳುವ ಹಕ್ಕು ಅವಳಿಗೆ ಇರಲಿಲ್ಲ. ಅವನೂ ಏನೂ ಹೇಳಿರಲಿಲ್ಲ, ಇವಳೂ ಏನೂ ಕೇಳಿರಲಿಲ್ಲ.

ಅರವತ್ತೆಂಟನೆಯ ಇಸವಿ ಅದು. ಗಡಿಯೂರಾದ ಜತ್ತದ ವಕೀಲರು, ಡಾಕ್ಟರು, ಮಾಸ್ತರರಿಗೆಲ್ಲ ಯುನಿಟ್ ಅಂದರೆ ಏನೆಂದೇ ಗೊತ್ತಿರಲಿಲ್ಲ. ಮಿಕ್ಕ ರೊಕ್ಕ ಟ್ರಂಕಿನಲ್ಲಿ, ಇಲ್ಲವೇ ಹಾಸಿಗೆಯ ಬುಡದಲ್ಲಿ. ಹತ್ತು ಮಂದಿಯ ರೊಕ್ಕ ಕೂಡಿಸಿ ಬೆಳೆಸುವ ಆ ಯುನಿಟ್ ಮಾರುವ ಏಜೆಂಟನಾಗಿದ್ದ ಶಿವಯೋಗೆಪ್ಪ ಭಾಷಣ ಮಾಡಲಿಲ್ಲ. ಕಾವಿ ಕಲಸಿ, ಊರ ಗೋಡೆಗಳ ಮೇಲೆ ನಗೆಯ ಜಾಹೀರಾತು ಬರೆದ!

ದವಾಖಾನೆಯ ಎದುರಿಗೆ: ‘ಡಾಕ್ಟರ್ ಸಾಹೇಬ್ರ, ರೊಕ್ಕಕ್ಕ ಜ್ವರ ಬಂದಿಲ್ಲ. ಹಾಸಿಗ್ಯಾಗ ಯಾಕ ಮಲಗಿಸೀರಿ?’

ಸಾಲೆಯ ಗೋಡೆಗೆ: ‘ಮಾಸ್ತರ, ಹುಡುಗ ಎರಡ ವರ್ಷ ಒಂದs ವರ್ಗದಾಗ ಕುಂತರ ಬಡಿಗಿ ತಗೀತೀರಿ. ಟ್ರಂಕಿನ್ಯಾಗ ಕುಂತ ರೊಕ್ಕಕ್ಕ ಯಾಕ್ರಿ ಮಾಫಿ?’

ಅದನ್ನು ಬರೆಯುತ್ತಿದ್ದಾಗಲೇ ಅವರಿಬ್ಬರ ಮೊದಲ ಭೇಟಿ. “ಸಾಲಿ ಗ್ವಾಡಿ ಹೊಲಸ ಮಾಡಾಕ ಯಾರ ಹೇಳ್ಯಾರ್ರಿ?” ಎಂದು ಕೆಂಡವಾಗಿ ಹೊರಬಂದವಳು, ಓದಿ… ನಕ್ಕುಬಿಟ್ಟಿದ್ದಳು.

“ನಕ್ಕರಿ! ಇನ್ನ ಕೇಳ್ರಿ ಅಕ್ಕೋರ,” ಎಂದಿದ್ದ ಅವನು. “ನಿಮ್ಮವು ಎರಡು ಕುರಿ, ವಕೀಲರವು ಮೂರು. ಎಲ್ಲಾರವೂ ಕೂಡಿಸಿ ಒಬ್ಬ ಜಾಣ ಕುರುಬನ ಕೈಯಾಗ ಕೊಟ್ಟರ ಹಿಂಡ ಆಗತೈತಿ. ಉಣ್ಣೀ, ಮರಿ ಹಂಚಿಕೊಳ್ಳೂದು. ಯುನಿಟ್ ಅಂದರ ಇಷ್ಟs!”

“ಮತ್ತ ತ್ವಾಳ ಬಂದರ?”

“ಬರತೈತ್ರಿ, ಸುಳ್ಳ ಹೇಳಂಗಿಲ್ಲ. ಆದರ ಹಿಂಡಿನ್ಯಾಗ ಒಬ್ಬರವs ಎಲ್ಲಾ ಹೋಗಂಗಿಲ್ಲ.”

ಅಂದಿನಿಂದ ಪ್ರತಿ ಶನಿವಾರ ಸಾಲೆ ಬಿಡುವ ಹೊತ್ತಿಗೆ ಅವನು ಹಾಜರು. ಹೊಸ ಮಾತು ಮೊದಲು ಅವಳಿಗೇ. “ಅಕ್ಕೋರ ನಕ್ಕರ ಮಾತ್ರ ಗ್ವಾಡಿ ಏರತೈತಿ!” ಅವಳು ನಗದ ಮಾತು ಜತ್ತದ ಯಾವ ಗೋಡೆಯನ್ನೂ ಕಾಣಲಿಲ್ಲ.

ಆ ನಗು ತಮ್ಮಿಬ್ಬರದು ಮಾತ್ರ ಎಂದುಕೊಂಡಿದ್ದಳು ಹುಚ್ಚಿ…

ಚನ್ನವ್ವನ ಮಾತನ್ನು ನಂಬಬಾರದು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಲೇ, ಇಲ್ಲದ ಕೆಮ್ಮಿಗೆ ಔಷಧ ಕೇಳಲು ಸಿದ್ದಲಿಂಗವ್ವ ದವಾಖಾನೆಗೆ ಹೋದಳು. ಬಾಗಿಲಲ್ಲೇ ಕಾಲು ನಿಂತವು.

ಒಳಗೆ ನರ್ಸಬಾಯಿಯ ಬಳೆ, ನರ್ಸಬಾಯಿಯ ನಗು. ಆಮೇಲೆ ಜೇನಿನಂಥ ದನಿ:

“ಬಿಳಿಜ್ವಾಳದ ರೊಟ್ಟಿಗಿ ಬೆಣ್ಣಿ ಹಚ್ಚಿ ಇಡತೀನಿ,
ಶಿವಯೋಗೆಪ್ಪನ ಹಾದಿ ನಾ ದಿನಾ ನೋಡತೀನಿ…”

“ಭೇಷ್! ಇನ್ನs ಸ್ವಲ್ಪ ನಾಚಿ ಹೇಳ್ರಿ!” ಅದು ಅವನ ದನಿ. ಅವನದೇ!

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ. ನೇರ ಸಾಲೆಗೆ ಬಂದು, ಅರಿವೆ ಒದ್ದೆ ಮಾಡಿ, ಗೋಡೆಯ ಕಾವಿ ಅಕ್ಷರಗಳನ್ನು ಒಂದೊಂದಾಗಿ ತಿಕ್ಕಿ ಒರೆಸಿದಳು. ಕಣ್ಣೀರು ಮಾತ್ರ ಒರೆಸಿಕೊಳ್ಳಲಿಲ್ಲ.

ಶನಿವಾರ ಅವನು ಬಂದ. ಬೋಳು ಗೋಡೆ ನೋಡಿ ಪೆಚ್ಚಾದ.

“ಯಾರ್ರಿ ಒರಸಿದವರು?”

“ಮಳಿ ಬಂದಿತ್ತು.”

“ಜತ್ತದಾಗ? ಈ ಬ್ಯಾಸಿಗ್ಯಾಗ?” ಅವನು ನಗಿಸಲು ನೋಡಿದ. ಅವಳು ನಗಲಿಲ್ಲ.

“ನಿಮ್ಮ ಮಾತಿಗೆ ನಗಾವ್ರು ದವಾಖಾನ್ಯಾಗ ಅದಾರಲ್ಲ! ಇಲ್ಲಿಗ್ಯಾಕ ಬಂದ್ರಿ?”

“ಅಕ್ಕೋರ… ನಾ ಏನ ತಪ್ಪ ಮಾಡೀನಿ?”

“ನನಗೇನ ಗೊತ್ತ್ರಿ? ಬೆಣ್ಣಿ ಹಚ್ಚಿದ ರೊಟ್ಟಿ ಆರತಾವ. ಲಗೂನ ಹೋಗ್ರಿ!”

ಅವನ ಮುಖ ಒಮ್ಮೆಲೇ ಬಿಳಿಚಿತು. “ನಾಳೆ ಸಾಲಿ ಅಂಗಳದಾಗ ಒಂದು ನಗೀ ಖೇಲ ಇಟ್ಟೀನ್ರಿ. ವಕೀಲರು, ಡಾಕ್ಟರು, ಮಾಸ್ತರು ಎಲ್ಲಾ ಬರತಾರ. ನೀವೂ ಬರ್ರಿ. ನೀವು ನಗಲಿಲ್ಲಂದ್ರ… ಈ ಊರs ಬಿಡತೀನಿ. ಸೊಲ್ಲಾಪುರಕ್ಕ ಕರ್ಯಾಕಹತ್ಯಾರ.”

‘ಹೋಗಲಿ! ಆಕಿನ್ನೂ ಕರ್ಕೊಂಡs ಹೋಗಲಿ!’ ಎಂದಿತು ಮನಸ್ಸು. ‘ಹೋಗಬ್ಯಾಡ…’ ಎಂದಿತು ಅದೇ ಮನಸ್ಸು.

ಭಾನುವಾರ ಸಂಜೆ ಅಂಗಳ ತುಂಬಿತ್ತು. ಹೋಗಬಾರದೆಂದೇ ಹಟ ಹಿಡಿದಿದ್ದ ಸಿದ್ದಲಿಂಗವ್ವ ಹೋಗಿ ಕೊನೆಯ ಸಾಲಿನಲ್ಲಿ ಕುಳಿತಳು. ನರ್ಸಬಾಯಿ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು, ರೊಟ್ಟಿಯ ಬುಟ್ಟಿ ಹಿಡಿದು ಜನರ ಮುಂದೆ ಬಂದಳು. ಎಷ್ಟು ಚಂದ ಕಾಣುತ್ತಿದ್ದಳು! ನಾಚಿ ತಲೆತಗ್ಗಿಸಿ ಅದೇ ಒಡಪು ಶುರು ಮಾಡಿದಳು:

“ಬಿಳಿಜ್ವಾಳದ ರೊಟ್ಟಿಗಿ ಬೆಣ್ಣಿ ಹಚ್ಚಿ ಇಡತೀನಿ,
ಶಿವಯೋಗೆಪ್ಪನ ಹಾದಿ ನಾ ದಿನಾ ನೋಡತೀನಿ…”

ಸಾಕು! ಸಿದ್ದಲಿಂಗವ್ವ ಎದ್ದು ನಿಂತಳು. ಅಷ್ಟರಲ್ಲಿ ಕೋಟು ತೊಟ್ಟ ಶಿವಯೋಗೆಪ್ಪ ಒಂದು ದೊಡ್ಡ ಟ್ರಂಕನ್ನು ಎದೆಗವಚಿಕೊಂಡು ಬಂದ. ರೊಟ್ಟಿಯನ್ನೂ ನೋಡಲಿಲ್ಲ, ಖೇಲದ ಹೆಂಡತಿಯನ್ನೂ ನೋಡಲಿಲ್ಲ. ಟ್ರಂಕಿಗೆ ಕೌದಿ ಹೊದಿಸಿ, ಜೋಗುಳ ಹಾಡಿ, ಅದರ ಮಗ್ಗುಲಲ್ಲಿ ಮಲಗಿ ಗೊರಕೆ ಹೊಡೆದ!

ನರ್ಸಬಾಯಿ ಸೊಂಟಕ್ಕೆ ಕೈಯಿಟ್ಟಳು:

“ಟ್ರಂಕ್ ತಬ್ಬಿ ಮಲಗ್ಯಾನಂತ ಊರ ಮುಂದ ಹೇಳತೀನಿ,
ನಿನ್ನ ಹೆಂಡತಿ ನಾನೋ ಅದೋ, ಇವತ್ತs ಕೇಳತೀನಿ!”

ಅಂಗಳವೇ ಬಿದ್ದು ಬಿದ್ದು ನಕ್ಕಿತು. ದುಂಡಪ್ಪ ಡಾಕ್ಟರರ ಹೆಂಡತಿ ಗಂಡನ ಪಕ್ಕೆಗೆ ತಿವಿದು, “ನಿಮ್ಮದs ಕತಿ!” ಎಂದರು.

ಸಿದ್ದಲಿಂಗವ್ವ ನಗಲಿಲ್ಲ. ನಾಚಿಕೆಯಿಂದ ಕುಸಿದು ಕುಳಿತಳು. ಜಾಹೀರಾತು! ಬರೀ ಜಾಹೀರಾತು!

ಜನ ಕರಗಿದರು. ಟ್ರಂಕಿನ ಮೇಲೆ ತಲೆತಗ್ಗಿಸಿ ಕುಳಿತಿದ್ದ ಅವನ ಬಳಿ ಅವಳು ಹೋಗಿ ನಿಂತಳು.

“ನೀವು ನಗಲಿಲ್ಲ,” ಎಂದ.

“ನಿಮ್ಮ ಹೆಸರs ಯಾಕ ಇಟ್ಟರಿ?”

“ಡಾಕ್ಟರರ ಹೆಸರ ಇಟ್ಟರ ಡಾಕ್ಟರ್ತಿ ಬಿಡತಾರೇನ್ರಿ? ವಕೀಲರದು ಇಟ್ಟರ ಕೇಸ್! ಜಿಪುಣ ಗಂಡಗ ನನ್ನ ಹೆಸರೊಂದs ಪುಕ್ಕಟ ಸಿಕ್ಕಿತು.”

“ನನಗ ಯಾಕ ಮೊದಲ ಹೇಳಲಿಲ್ಲ? ಆಕಿ ಪಾತ್ರ… ನನಗ ಯಾಕ ಕೇಳಲಿಲ್ಲ?”

ಸದಾ ವಟವಟ ಅನ್ನುವವನು ಈಗ ತಡವರಿಸಿದ.

“ಒಡಪ ನಿಮ್ಮ ಮುಂದ ಓದಾಕ ನಾಲಗಿ ಏಳಲಿಲ್ರಿ. ಮಂದಿನ್ನ ನಗಸಾಕ… ನೀವು ನನ್ನ ಹೆಸರ ಹೇಳೂದು ನನಗ ಬ್ಯಾಡಾಗಿತ್ತು. ದಾನಮ್ಮ ದೇವಿಯ ಆಣಿ, ನಿಮ್ಮ ಬಾಯಾಗ ಅದು ಖರೇನs ಬರಬೇಕಂತ…”

ಸಿದ್ದಲಿಂಗವ್ವ ಬೋಳು ಗೋಡೆಯ ಕಡೆ ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಅವನಿಗಷ್ಟೇ ಕೇಳುವಂತೆ ಹೇಳಿದಳು:

“ಗ್ವಾಡಿಯಾಗಿನ ಕಾವಿ ಅಕ್ಷರ ಹಸಿ ಅರಿವೀಲೆ ಒರಸೀನಿ,
ಎದಿಯಾಗಿನ ಶಿವಯೋಗೆಪ್ಪನ್ನ ಒರಸಲಾರದ ಸೋತೀನಿ…”

ಅವನು ಎದ್ದು ನಿಂತ. ಕಣ್ಣು ಒದ್ದೆಯಾಗಿದ್ದವು.

“ಇನ್ನೊಮ್ಮೆ… ಇನ್ನೊಮ್ಮೆ ಹೇಳ್ರಿ!”

“ಊಂಹೂಂ! ಇನ್ನ ಮದವಿಯಾಗ, ಎಲ್ಲಾರ ಮುಂದ.”

“ನರ್ಸಬಾಯಿನ್ನೂ ಕರೀಬೇಕ್ರಿ.”

“ಕರೀರಿ. ಆದರ ಆಕಿನ್ನ ನಗಸಬ್ಯಾಡ್ರಿ!”

ಅವರ ಬೆನ್ನ ಹಿಂದೆ ಚಾಪೆ ಸುತ್ತುತ್ತಿದ್ದ ಚನ್ನವ್ವ, ಅರ್ಧ ಸುತ್ತಿದ ಚಾಪೆಯನ್ನು ಅಲ್ಲೇ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಯ ಕಡೆ ಓಡಿದಳು.